ಪದಚರ್ಚೆ: ಕಾರ್ಡ್ ಸರ್ಚಾರ್ಜ್‌ಗೆ ಕನ್ನಡದಲ್ಲಿ ಏನು? (ನಾಳೆ ಬೋರ್ಡ್ ಪ್ರಿಂಟಿಗೆ ಹೋಗಬೇಕು)

ಮೆಲ್ಬರ್ನ್ ಕನ್ನಡತಿ:
ನಮಸ್ಕಾರ. ಶನಿವಾರ ಇಲ್ಲಿ ನಮ್ಮವರ ತಿಂಡಿ ಮೇಳ. ಕಾರ್ಡಿನಲ್ಲಿ ದುಡ್ಡು ಕೊಟ್ಟರೆ 1.2% ಸರ್ಚಾರ್ಜ್ ಬೀಳುತ್ತದೆ ಅಂತ ಬೋರ್ಡ್ ಬರೆಸಬೇಕು. ಒಬ್ಬರು 'ಅಧಿಭಾರ' ಅಂದರು. ಅದನ್ನು ನೋಡಿದರೆ ದೋಸೆಗೆ ಬಂದವರು ಓಡಿಹೋಗುತ್ತಾರೆ. 'ಮೇಲ್ತೆರಿಗೆ' ಆದೀತೇ?

ಧಾರವಾಡದವ:
ಆಗದು. ತೆರಿಗೆ ಸರ್ಕಾರಕ್ಕೆ ಹೋಗುವಂಥದ್ದು. ಇದು ಅಂಗಡಿಯವನು ಬ್ಯಾಂಕಿಗೆ ತೆತ್ತದ್ದನ್ನು ಗಿರಾಕಿಯಿಂದ ವಸೂಲಿ ಮಾಡುವುದು. ನಿಮ್ಮ ಆಸ್ಟ್ರೇಲಿಯಾದ ನಿಯಮವೂ ಅದೇ ಅಲ್ವಾ? ಕಾರ್ಡ್ ತೆಗೆದುಕೊಳ್ಳಲು ತಗಲುವ ಖರ್ಚಿಗಿಂತ ಜಾಸ್ತಿ ಹಾಕುವಂತಿಲ್ಲ. ಸರ್ಚಾರ್ಜ್ ಇಲ್ಲದೆ ಹಣ ಕೊಡುವ ದಾರಿಯೇ ಇಲ್ಲದಿದ್ದರೆ ಅದನ್ನು ಬೆಲೆಯಲ್ಲೇ ಸೇರಿಸಿ ತೋರಿಸಬೇಕು.
ಸರಿಯಾದ ಪದ 'ವಟ್ಟ'. ಹಿಂದೆ ನಾಣ್ಯ ಬದಲಿಸುವಾಗ ಮುರಿದುಕೊಳ್ಳುತ್ತಿದ್ದ ಹಣ. 'ಹುಂಡಿ ವಟಾಯಿಸು' (ಹುಂಡಿ ಎಂಬ ಹಳೆಯ ಹಣದ ಪತ್ರ ಕೊಟ್ಟು ನಗದು ಪಡೆಯುವುದು) ಅದರ ನೆಂಟ.

ಹಳಗನ್ನಡಿಗ:
ವಟ್ಟ ಕಳೆಯುವ ಲೆಕ್ಕ, ಇದು ಕೂಡುವ ಲೆಕ್ಕ. ಮೇಲಾಗಿ ಅದು ಮರಾಠಿಯ ವಟಾವ, ಹಿಂದಿಯ ಬಟ್ಟಾ ಬಳಗದ್ದು. ಅಚ್ಚಗನ್ನಡ ಬೇಕಿದ್ದರೆ ಮೇಲ್ + ಪಣ = ಮೇಲ್ವಣ. ಪಕಾರಕ್ಕೆ ವಕಾರ ಆದೇಶ. ಮುಗಿಯಿತು.

ಧಾರವಾಡದವ:
'ಪಣ' ಸಂಸ್ಕೃತ.

ಬಸವನಗುಡಿ:
ಮೇಲ್ವಣ ಅಂದರೆ ಹೊಸ ಲವಣ ಅಂದುಕೊಳ್ಳುತ್ತಾರೆ ಮೇಷ್ಟ್ರೇ. ಕಾರ್ಡ್, ಬ್ಯಾಂಕ್ ಎಲ್ಲ ಇಟ್ಟುಕೊಂಡು ಸರ್ಚಾರ್ಜ್ ಒಂದಕ್ಕೆ ಮಡಿ ಯಾಕೆ? ಬ್ರಿಟನ್‌ನಲ್ಲಿ ಸಾಮಾನ್ಯ ಗ್ರಾಹಕರ ಕಾರ್ಡಿಗೆ ಇದನ್ನು 2018ರ ಜನವರಿ 13ರಿಂದ ನಿಷೇಧಿಸಿದ್ದಾರೆ. ಆಸ್ಟ್ರೇಲಿಯಾದ ರಿಸರ್ವ್ ಬ್ಯಾಂಕೂ 2025ರಲ್ಲಿ ತೆಗೆದುಹಾಕುವ ಪ್ರಸ್ತಾಪ ಮುಂದಿಟ್ಟಿತು. ನೀವು ಸಂಧಿ ಮಾಡಿ ಮುಗಿಸುವಷ್ಟರಲ್ಲಿ ಸರ್ಚಾರ್ಜೇ ಇರುವುದಿಲ್ಲ!
ನಮ್ಮ ಚಿನ್ನದಂಗಡಿಗಳಲ್ಲಿ 'ಕ್ರೆಡಿಟ್ ಕಾರ್ಡಾದ್ರೆ ಎರಡು ಪರ್ಸೆಂಟ್ ಜಾಸ್ತಿ ಆಗುತ್ತೆ ಸಾರ್' ಅನ್ನುತ್ತಾರೆ. ಎಲ್ಲರಿಗೂ ಅರ್ಥವಾಗುತ್ತದೆ. ಮೇಡಂ, ನೀವೂ ಹಾಗೇ ಬರೆಸಿ.

ಹಳಗನ್ನಡಿಗ:
ಈ ಸಡಿಲದಿಂದಲೇ ಅಂಗಡಿಯಲ್ಲಿ ಕನ್ನಡ ಸತ್ತಿದ್ದು.

ಬಸವನಗುಡಿ:
ಜಮಾ, ಖರ್ಚು, ಬಾಕಿ, ರಸೀದಿ ಎಲ್ಲ ಪಾರಸಿ ಅರಬ್ಬಿಯವು. ನಿಮ್ಮ ತಾತನ ಲೆಕ್ಕದ ಪುಸ್ತಕದಲ್ಲೂ ಇದ್ದಿರಬೇಕು. ಆಗ ಸಾಯಲಿಲ್ಲವೇ?

ಮೆಲ್ಬರ್ನ್ ಕನ್ನಡತಿ:
ಸುಮ್ನೆ ಜಗಳ ಬೇಡ. 'ಕಾರ್ಡಿಗೆ 1.2% ಜಾಸ್ತಿ' ಅಂತ ಪ್ರಿಂಟಿಗೆ ಕಳಿಸುತ್ತಿದ್ದೇನೆ.

ಹಳಗನ್ನಡಿಗ:
'ಜಾಸ್ತಿ'ಯೂ ಅರಬ್ಬಿ ಮೂಲದ್ದು. 'ಹೆಚ್ಚು' ಅನ್ನಿ.