ಶಾಲೆಯ ಕರು ದಿನಕ್ಕೆ ಮಗಳಿಗೆ ಕರು ಬೇಕಂತೆ, ಕೊಡಿಸಬಹುದಾ?

ತೇ ಅವಾಮುಟು ಅಮ್ಮ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದದ ಪ್ರಶ್ನೆ, ದಯವಿಟ್ಟು ಓದಿ ಹೇಳಿ.

ನಾವು ಇಲ್ಲಿ ನ್ಯೂಜಿಲೆಂಡಿನಲ್ಲಿ ಹ್ಯಾಮಿಲ್ಟನ್ ಬಿಟ್ಟು ತೇ ಅವಾಮುಟು ಹತ್ತಿರ ಹಳ್ಳಿ ಕಡೆ ಬಾಡಿಗೆ ಮನೆಗೆ ಬಂದಿದ್ದೇವೆ. ಬೇಲಿಯ ಆಚೆಯೇ ಡೈರಿ ಫಾರ್ಮ್. ಮಗಳಿಗೆ 6 ವರ್ಷ. ಶಾಲೆ ಬಿಟ್ಟರೆ ಅವಳು ಸಿಗುವುದು ಅಲ್ಲೇ, ಫಾರ್ಮಿನ ಮಕ್ಕಳ ಜೊತೆ. ಈಗ ಹಸುಗಳು ಈಯುವ ಕಾಲ. ಅಲ್ಲಿ ಕಂಡದ್ದು, ಕೇಳಿದ್ದು ಎಲ್ಲ ನಮ್ಮನೆಗೆ ಬಂದವರಿಗೆಲ್ಲ ವರದಿಯಾಗುತ್ತದೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ನಮ್ಮತ್ತೆಗೆ ಹೇಳಿದಳು: "ಅಜ್ಜೀ, ಇಲ್ಲಿ ಹಸುಗೆ ಗಂಡ ಬೇಡ. ವ್ಯಾನ್ ಅಂಕಲ್ ಬರ್ತಾರೆ, ಉದ್ದ ಗ್ಲವ್ಸ್ ಹಾಕ್ಕೊಂಡು ಹಿಂದಿನಿಂದ ಕೈ ಹಾಕ್ತಾರೆ. ಅಷ್ಟೇ, ಕರು." ಅತ್ತೆ ಮಾತಾಡದೆ ಫೋನನ್ನು ಮಾವನ ಕೈಗೆ ಕೊಟ್ಟು ಎದ್ದು ಹೋದರು. ಮಾವ ಎಲೆ ಅಡಿಕೆ ಹಾಕಿಕೊಂಡಿದ್ದರು. "ತಾತ ಮೆಲುಕು ಹಾಕ್ತಿದ್ದಾರೆ! ತಾತ, ನಿಮಗೂ ನಾಲ್ಕು ಹೊಟ್ಟೆನಾ?"

ವರಮಹಾಲಕ್ಷ್ಮಿ ಹಬ್ಬದ ದಿನ ಇನ್ನೂ ಕಷ್ಟವಾಯಿತು. ಅರಿಶಿನ ಕುಂಕುಮಕ್ಕೆ ಬಂದಿದ್ದ ಗೆಳತಿಗೆ ಆಗ ತುಂಬಿದ ಎಂಟು ತಿಂಗಳು. ಮಗಳು ಅವರನ್ನು ಮೇಲಿಂದ ಕೆಳಗೆ ನೋಡಿ, "ಆಂಟಿ, ನಿಮ್ಮ ಕೆಚ್ಚಲು ಇನ್ನೂ ಇಳಿದಿಲ್ಲ, ಈ ವಾರ ಹಾಕಲ್ಲ ಬಿಡಿ" ಅಂದಳು. ಗೆಳತಿ ನಕ್ಕರು. ಅವರ ಅತ್ತೆ ನಗಲಿಲ್ಲ.

ಈಗ ಅಕ್ಟೋಬರ್‌ನಲ್ಲಿ ಶಾಲೆಯಲ್ಲಿ ಕರು ದಿನ ಇದೆ, ಮಕ್ಕಳು ತಾವು ಸಾಕಿದ ಕರುವನ್ನು ತಂದು ತೋರಿಸುವ ಸ್ಪರ್ಧೆ. ಇವಳಿಗೂ ಒಂದು ಕರು ಬೇಕಂತೆ. ಪಕ್ಕದವರು ಒಂದನ್ನು ಬಿಟ್ಟುಕೊಡುತ್ತೇವೆ, ಇಲ್ಲೇ ಬಂದು ನೋಡಿಕೊಳ್ಳಲಿ ಅಂತ ಹೇಳಿದ್ದಾರೆ. ಕೊಡಿಸಬಹುದಾ? ಕಾಯಿಲೆ ಗೀಯಿಲೆ ಭಯ ಇದೆಯಾ? ಇನ್ನೊಂದು, "ಗಂಡು ಕರುಗಳು ಟ್ರಕ್ಕಲ್ಲಿ ಎಲ್ಲಿಗೆ ಹೋಗ್ತವೆ" ಅಂತ ದಿನಾ ಕೇಳುತ್ತಾಳೆ. ಏನು ಹೇಳಲಿ?

ಆಕ್ಲೆಂಡ್ ಅಪ್ಪ

ನಿಮ್ಮ ಮಗಳಿಗೆ ನನ್ನ ಕಡೆಯಿಂದ ಒಂದು ಶಹಬ್ಬಾಸ್. ನಾವು ಮಾರಿನ್ಸ್‌ವಿಲ್‌ಗೆ ಹೋಗಿದ್ದಾಗ ಅಲ್ಲಿನ ದೊಡ್ಡ ಹಸುವಿನ ಪ್ರತಿಮೆ ತೋರಿಸಿದೆವು. ಆರು ಮೀಟರ್‌ಗಿಂತ ಎತ್ತರ ಇದೆ. ನನ್ನ ಮಗ ಅದರ ಸುತ್ತ ಒಂದು ಸುತ್ತು ಬಂದು, "ಇಷ್ಟು ದೊಡ್ಡ ಹಸು, ಸಗಣಿ ಎಲ್ಲಿ?" ಅಂದ. ನಮ್ಮ ಹಿಂದೆ ಇದ್ದ ರೈತರೊಬ್ಬರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಅವನ ಕೈ ಕುಲುಕಿದರು.

ಪ್ರಶ್ನೆಗೆ ಉತ್ತರ ನನಗೆ ಗೊತ್ತಿಲ್ಲ. ಆದರೆ ಕೊಡಿಸಿ.

ಶಿರಸಿ ಕಡೆಯವಳು

ಓದಿ ಹೊಟ್ಟೆ ಕಿಚ್ಚಾಯಿತು. ನಮ್ಮ ಕೊಟ್ಟಿಗೆಯಲ್ಲಿ ಮಲೆನಾಡು ಗಿಡ್ಡ ಹಸುಗಳಿದ್ದವು. ನಾನು ಅವುಗಳ ಮಧ್ಯೆಯೇ ಬೆಳೆದವಳು. ನನ್ನ ಮಗ ಬೆಳೆದದ್ದು ಆಕ್ಲೆಂಡಿನ ಫ್ಲಾಟಿನಲ್ಲಿ. ದೀಪಾವಳಿಗೆ ಊರಿಗೆ ಕರೆದುಕೊಂಡು ಹೋದಾಗ ಗೋಪೂಜೆ ನಡೆಯುತ್ತಿತ್ತು. ಅಮ್ಮ ಹಸುವಿನ ಬಾಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇವನು ಎಲ್ಲರ ಮುಂದೆ, "ಅಜ್ಜಿ, ಅಲ್ಲಿ ಸಗಣಿ ಇದೆ, ಈಗಲೇ ಸೋಪು ಹಾಕಿ ಕೈ ತೊಳೀರಿ" ಅಂತ ಕೂಗಿದ. ಅಮ್ಮ ತೊಳೆದರು ಕೂಡ, ಪಾಪ. ಅವನು ಕೊಟ್ಟಿಗೆಯ ಬಾಗಿಲು ದಾಟಲಿಲ್ಲ, ಮೂಗು ಮುಚ್ಚಿಕೊಂಡು ಹೊರಗೇ ನಿಂತ. ಇದು ನನಗೆ ಇವತ್ತಿಗೂ ನೋವು. ನಿಮಗೆ ಬೇಲಿ ಆಚೆಯೇ ಸಿಕ್ಕಿದೆ, ಬಿಡಬೇಡಿ.

ಹಾಸನ–ಹ್ಯಾಮಿಲ್ಟನ್

ಎಲ್ಲರೂ ನಗುತ್ತಿದ್ದೀರಿ. ನಾನು ಈ ದೇಶಕ್ಕೆ ಬಂದು ಬಹಳ ವರ್ಷವಾಯಿತು, ಅದಕ್ಕೇ ಹೇಳುತ್ತಿದ್ದೇನೆ. ಕರು ಬೇಡ. ಬೇಡವೇ ಬೇಡ.

ಇಲ್ಲಿ ಕರುವನ್ನು ಹುಟ್ಟಿದ ದಿನವೇ, ಹೆಚ್ಚೆಂದರೆ ಮಾರನೇ ದಿನ ತಾಯಿಯಿಂದ ಬೇರೆ ಮಾಡುತ್ತಾರೆ. ಬೇಡದ ಗಂಡು ಕರು ನಾಲ್ಕು ದಿನ ತುಂಬಿದರೆ ಟ್ರಕ್ಕು ಹತ್ತುತ್ತದೆ. ಮಗುವಿನ ಕೈಯಲ್ಲಿ ಕರು ಕೊಟ್ಟು, ಹಗ್ಗ ಹಿಡಿಸಿ, ರಿಬ್ಬನ್ ಕೊಟ್ಟು ಚಪ್ಪಾಳೆ ಹೊಡೆಯುವ ಊರಿನಲ್ಲೇ ಅದರ ತಮ್ಮ ಕಸಾಯಿಖಾನೆಗೆ ಹೋಗುತ್ತಾನೆ. ಇದನ್ನು ಮಗುವಿಗೆ ಹೇಗೆ ಹೇಳುತ್ತೀರಿ? ನಮ್ಮ ಮನೆಯಲ್ಲಿ ಸಂಕ್ರಾಂತಿಗೆ ಹಸುವಿಗೆ ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸಿ ಬೆಳೆದವರು ನಾವು. ನಮ್ಮ ಮಕ್ಕಳಿಗೆ ಹಸು ಅಂದರೆ ಕಿವಿಯಲ್ಲಿ ನಂಬರ್ ಇರುವ ಪ್ರಾಣಿ ಆಗಬೇಕಾ?

ಕ್ಯಾಂಟರ್‌ಬರಿ ನರ್ಸ್

ಕಾಯಿಲೆ ಬಗ್ಗೆ ಕೇಳಿದ್ದೀರಿ, ಅದಕ್ಕೆ ಉತ್ತರ. ಚಿಕ್ಕ ಕರುಗಳಿಗೆ ಭೇದಿ ಬರುವುದು ಜಾಸ್ತಿ. ಕ್ರಿಪ್ಟೋಸ್ಪೊರಿಡಿಯಂ ಅನ್ನುವ ಕರುಳಿನ ಪರೋಪಜೀವಿ ಅದರಿಂದ ಮಕ್ಕಳಿಗೂ ಹತ್ತುತ್ತದೆ, ವಸಂತದಲ್ಲಿ ಪ್ರತಿ ವರ್ಷ ನೋಡುತ್ತೇವೆ. ಸ್ಯಾನಿಟೈಸರ್ ಅದನ್ನು ಕೊಲ್ಲುವುದಿಲ್ಲ. ಸೋಪು, ಹರಿಯುವ ನೀರು, ಒರೆಸಿ ಒಣಗಿಸುವುದು, ಅಷ್ಟೇ ದಾರಿ. ಗಮ್‌ಬೂಟು ಬಾಗಿಲ ಹೊರಗೆ. ಹಸುವಿನ ಗಂಜಲದಿಂದ ಲೆಪ್ಟೋ (ಲೆಪ್ಟೊಸ್ಪೈರೋಸಿಸ್, ನಮ್ಮ ಕಡೆ ಇಲಿ ಜ್ವರ ಅನ್ನುತ್ತಾರಲ್ಲ, ಅದು) ಬರಬಹುದು, ಕೈಕಾಲಿನ ಗಾಯಕ್ಕೆ ಪಟ್ಟಿ ಹಾಕಿ ಕಳಿಸಿ, ಹಸುಗಳಿಗೆ ಲೆಪ್ಟೋ ಲಸಿಕೆ ಆಗಿದೆಯಾ ಅಂತ ಪಕ್ಕದವರನ್ನು ಕೇಳಿ. ಹಸಿ ಹಾಲು ಕುಡಿಸಬೇಡಿ, ನಮ್ಮಮ್ಮಂದಿರ ಹಾಗೆ ಉಕ್ಕಿಸಿಯೇ ಕೊಡಿ. ಕ್ವಾಡ್ ಬೈಕ್ ಹತ್ತಿಸಬೇಡಿ, ಯಾರ ತೊಡೆಯ ಮೇಲೂ ಬೇಡ.

2017ರಲ್ಲಿ ನಮ್ಮ ಸೌತ್ ಕ್ಯಾಂಟರ್‌ಬರಿ ಕಡೆ ಮೈಕೋಪ್ಲಾಸ್ಮಾ ಬೋವಿಸ್ ಸಿಕ್ಕಿದ ಮೇಲೆ ಎಷ್ಟೋ ಶಾಲೆಗಳು ಕರು ಬೇಡ ಅಂದವು. ಅದು ದನಗಳ ಕಾಯಿಲೆ, ಮಕ್ಕಳಿಗೆ ಬರುವುದಲ್ಲ. ಆದರೂ ನಿಮ್ಮ ಶಾಲೆಯ ನಿಯಮ ಏನಿದೆ, ಮೊದಲು ಕೇಳಿ.

ಹಾಸನ–ಹ್ಯಾಮಿಲ್ಟನ್

ಸೋಪಿನ ವಿಷಯ ಅಲ್ಲ ಇದು. ಮಗುವಿನ ಮನಸ್ಸಿನ ವಿಷಯ. ಅದನ್ನು ಯಾವ ನೀರಿನಲ್ಲಿ ತೊಳೆಯುತ್ತೀರಿ?

ಶಿರಸಿ ಕಡೆಯವಳು

ಇವರು ಹೇಳುವುದರಲ್ಲೂ ಸತ್ಯ ಇದೆ. ನಮ್ಮ ಮನೆಯಲ್ಲಿ ಕರು ಕುಡಿದು ಬಿಟ್ಟ ಮೇಲೇ ಅಮ್ಮ ಹಾಲು ಕರೆಯುತ್ತಿದ್ದರು.

ಆಕ್ಲೆಂಡ್ ಅಪ್ಪ

ಹಾಗಾದರೆ ಹಾಲು, ಮೊಸರು, ತುಪ್ಪ ಎಲ್ಲ ಬಿಡಬೇಕಾಗುತ್ತದೆ ಅಲ್ವಾ? ಹಾಸನದವರೇ, ನಿಮ್ಮ ಮನೆಯ ತುಪ್ಪ ಎಲ್ಲಿಯದು?

ಹಾಸನ–ಹ್ಯಾಮಿಲ್ಟನ್

ತುಪ್ಪದ ಮಾತಿಗೆ ಎಳೆಯಬೇಡಿ. ನಾನು ಮಾತಾಡುತ್ತಿರುವುದು ಮಕ್ಕಳ ಬಗ್ಗೆ. ಒಂದು ವಯಸ್ಸಿನವರೆಗೆ ಕೆಲವು ವಿಷಯ ಮಕ್ಕಳ ಕಿವಿಗೆ ಬೀಳಬಾರದು. ನಮ್ಮ ಹಿರಿಯರು ಸುಮ್ನೆ ಮುಚ್ಚಿಡುತ್ತಿರಲಿಲ್ಲ. ಹಬ್ಬದ ದಿನ ಬಸುರಿ ಹೆಂಗಸಿನ ಮುಂದೆ ಕೆಚ್ಚಲು ಅಂತ ಮಾತಾಡುವ ಮಗುವನ್ನು ನೋಡಿ ನಗುವವರ ಜೊತೆ ನನಗೆ ವಾದ ಬೇಡ.

ಮಂಡ್ಯ, ಈಗ ಮಾಟಾಮಾಟಾ

ನಾನು ಫಾರ್ಮಿನಲ್ಲೇ ಕೆಲಸ ಮಾಡುವವನು. ಬೆಳಗಿನ ಹಾಲು ಕರೆದು ಬಂದು ಈಗ ಓದಿದೆ.

ಸಾರ್, ನಿಮ್ಮ ಮೇಲೆ ಗೌರವ ಇದೆ. ಆದರೆ ವ್ಯಾನ್ ಅಂಕಲ್ ನಮ್ಮೂರಿಗೂ ಬರುತ್ತಿದ್ದರು, ಬೈಕಿನಲ್ಲಿ. ಹಸು ಬೆದೆಗೆ ಬಂತು ಅಂದರೆ ಅಪ್ಪ ಡೈರಿಗೆ ಹೇಳಿ ಕಳಿಸುತ್ತಿದ್ದರು, ಡಾಕ್ಟರು ಬಂದು ಇದೇ ಕೆಲಸ ಮಾಡಿ ಹೋಗುತ್ತಿದ್ದರು. ನಮ್ಮನ್ನು ಮಾತ್ರ ಒಳಗೆ ಓಡಿಸುತ್ತಿದ್ದರು. ಸೀಮೆ ಹಸು ಗಂಡು ಕರು ಹಾಕಿದರೆ ಅಪ್ಪನ ಮುಖ ಸಪ್ಪಗಾಗುತ್ತಿತ್ತು. ಉಳುಮೆಗೆ ಟ್ರ್ಯಾಕ್ಟರ್ ಬಂದಿತ್ತು, ಆ ಕರುವಿಗೆ ಕೆಲಸ ಇರಲಿಲ್ಲ. ಗಿಣ್ಣು ತಿಂದು ಮುಗಿಯುತ್ತಿತ್ತು, ಸ್ವಲ್ಪ ದಿನಕ್ಕೆ ಕರುವಿನ ಗೂಟವೂ ಖಾಲಿ. ಎಲ್ಲಿಗೆ ಹೋಯಿತು ಅಂತ ನಾವು ಕೇಳಲಿಲ್ಲ, ಅವರು ಹೇಳಲಿಲ್ಲ. ಈ ಮಗು ಕೇಳುತ್ತಿದೆ. ಕೇಳಿದ ಮಗುವಿಗೆ ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ನಾನು ನನ್ನ ಮಗನಿಗೆ ಹೇಳಿದ್ದೇನೆ. "ಎಲ್ಲ ಕರುಗಳನ್ನೂ ಫಾರ್ಮಿನಲ್ಲಿ ಸಾಕಲು ಆಗುವುದಿಲ್ಲ, ಕೆಲವು ಮಾಂಸಕ್ಕೆ ಹೋಗುತ್ತವೆ, ಇರುವಷ್ಟು ದಿನ ಹೊಟ್ಟೆ ತುಂಬಾ ಹಾಲು, ಒಣಗಿದ ಹಾಸು ಕೊಡುವುದು ನಮ್ಮ ಕೆಲಸ" ಅಂತ. ಅತ್ತ. ಮಾರನೇ ದಿನ ನನಗಿಂತ ಮೊದಲು ಬೂಟು ಹಾಕಿಕೊಂಡು ನಿಂತಿದ್ದ. ಗಂಡು ಕರುಗಳ ಹತ್ತಿರವೇ ಮೊದಲು ಹೋದ. ಹಾಲು ಕುಡಿಯಲು ಬಾರದ ಕರುವಿನ ಬಾಯಿಗೆ ಎರಡು ಬೆರಳು ಕೊಟ್ಟ. ಅದು ಚೀಪಲು ಶುರು ಮಾಡಿದ ತಕ್ಷಣ ಬೆರಳನ್ನು ಮೆಲ್ಲಗೆ ಬಕೆಟ್ಟಿನ ಹಾಲಿಗೆ ಇಳಿಸಿದ. ಮೂತಿ ಮುಳುಗಿ ಸೀನಿತು, ಇವನ ಮುಖಕ್ಕೆಲ್ಲ ಹಾಲು. ಮತ್ತೆ ಬೆರಳು ಕೊಟ್ಟ. ಅದು ಕುಡಿಯುವವರೆಗೂ ಏಳಲಿಲ್ಲ. ಅವನಿಗೂ ಆಗ 6 ವರ್ಷ.

ನಗುವ ವಿಷಯವೂ ಹೇಳುತ್ತೇನೆ. ಚಿಕ್ಕ ಮಗಳಿಗೆ ಕಿವಿ ಚುಚ್ಚಿಸುವಾಗ ಮಂತ್ರದ ಮಧ್ಯೆ ಇವನು, "ಅಪ್ಪಾ, ಪಾಪುಗೆ ನಂಬರ್ ಎಷ್ಟು ಬಂತು?" ಅಂದ. ಪುರೋಹಿತರು ನಿಲ್ಲಿಸಿ ನಕ್ಕು ಮುಂದುವರಿಸಿದರು.

ಹಾಸನ–ಹ್ಯಾಮಿಲ್ಟನ್

ನೀವು ಒಳ್ಳೆಯ ಅಪ್ಪ, ಅನುಮಾನ ಇಲ್ಲ. ಆದರೆ ಮಗು ಅತ್ತಿತು ಅಂತ ನೀವೇ ಬರೆದಿದ್ದೀರಿ. ನನ್ನ ಮಾತು ಅದೇ.

ಮಂಡ್ಯ, ಈಗ ಮಾಟಾಮಾಟಾ

ಅಳಲಿ ಸಾರ್. ಕರುವಿಗಾಗಿ ಅಳುವ ಮಗು ಬೇಕು ನನಗೆ.

ಬೆಂಗಳೂರು ಟು ವೆಲ್ಲಿಂಗ್ಟನ್

ತುಂಬಾ ಒಳ್ಳೆಯ ಚರ್ಚೆ. ನಮ್ಮ ಮಕ್ಕಳು ಕನ್ನಡದಲ್ಲಿ ಇಷ್ಟು ಮಾತಾಡುತ್ತಾರಲ್ಲ, ಅದೇ ದೊಡ್ಡದು. ನಮ್ಮ ಮಗಳು ಶನಿವಾರದ ಕನ್ನಡ ತರಗತಿಯಲ್ಲಿ ಮೊದಲ ಬಹುಮಾನ ಪಡೆದಿದ್ದಾಳೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ, ಎಲ್ಲ ಸರಿಹೋಗುತ್ತದೆ.

ತೇ ಅವಾಮುಟು ಅಮ್ಮ

ಎಲ್ಲರಿಗೂ ಧನ್ಯವಾದ. ಹಾಸನದವರ ಮಾತು ಓದಿ ನಿನ್ನೆ ಬೇಡ ಅಂತಲೇ ಇದ್ದೆ. ಬೆಳಿಗ್ಗೆ ಮಗಳೇ ಕೇಳಿದಳು, ನಾನು ಮಂಡ್ಯದವರು ಬರೆದ ಹಾಗೇ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಟ್ರಕ್ ಅಂಕಲ್‌ಗೆ ಅಳು ಬರಲ್ವಾ?" ಅಂದಳು. ಗೊತ್ತಿಲ್ಲ ಅಂದೆ. "ನಾನು ಕೇಳ್ತೀನಿ" ಅಂದಳು. ಕೇಳಿಯೇ ಕೇಳುತ್ತಾಳೆ.

ಕರು ತೆಗೆದುಕೊಳ್ಳುತ್ತಿದ್ದೇವೆ. ಯಾವ ಕರು ಒಳ್ಳೆಯದು, ಯಾವಾಗ ಶುರು ಮಾಡಬೇಕು, ಅದನ್ನು ಯಾರಾದರೂ ಹೇಳಿ.

ಮಂಡ್ಯ, ಈಗ ಮಾಟಾಮಾಟಾ

ಹೆಣ್ಣು ಕರುವನ್ನೇ ಕೇಳಿ, ಮಂದೆಗೆ ಉಳಿಸಿಕೊಳ್ಳುವಂಥದ್ದು. ಸ್ಪರ್ಧೆ ಮುಗಿದ ಮೇಲೂ ಅದು ಬೇಲಿ ಆಚೆಯೇ ಬೆಳೆಯುತ್ತದೆ, ಎರಡು ವರ್ಷಕ್ಕೆ ಅದೂ ಕರು ಹಾಕುತ್ತದೆ, ಮಗಳು ನೋಡಬಹುದು. 6 ವರ್ಷದವಳಿಗೆ ಜೆರ್ಸಿ ವಾಸಿ, ಫ್ರೀಸಿಯನ್‌ಗಿಂತ ಮೈ ಚಿಕ್ಕದು. ಹಗ್ಗ ಈಗಲೇ ಹಾಕಿ, ತಡ ಮಾಡಬೇಡಿ, ಬಲಿತ ಮೇಲೆ ಅದೇ ಮಗುವನ್ನು ಎಳೆದುಕೊಂಡು ಹೋಗುತ್ತದೆ. ದಿನಾ ಸ್ವಲ್ಪ ಹೊತ್ತು ನಡೆಸಬೇಕು, ಮೈ ಉಜ್ಜಬೇಕು. ಕರೆದರೆ ಬರುವುದಕ್ಕೂ ಅಂಕ ಇರುತ್ತದೆ. ಹಾಲು ಕೊಡುವಾಗಲೆಲ್ಲ ಒಂದೇ ಥರ ಕೂಗಲಿ, "ಬಾ ಬಾ" ಅಂದರೂ ಸರಿ, ಕಲಿತುಕೊಳ್ಳುತ್ತದೆ. ನಮ್ಮ ಮಗ ಕರುವಿನ ತಲೆಗೆ ಹಾಕುತ್ತಿದ್ದ ಹಗ್ಗ, ಹಾಲ್ಟರ್, ಹಾಗೇ ಇದೆ, ಭಾನುವಾರ ಮಧ್ಯಾಹ್ನ ಬಂದು ತೆಗೆದುಕೊಂಡು ಹೋಗಿ. ಮೂರು ಗಂಟೆಗೆ ಮತ್ತೆ ಹಾಲು ಕರೆಯಬೇಕು, ಅದಕ್ಕೆ ಮುಂಚೆ ಬನ್ನಿ.