‘ಹ್ಯಾಂಗಿಂಗ್ ಇಂಡೆಂಟ್’ಗೆ ಕನ್ನಡ ಪದ ಬೇಕು (ನಾಳೆ ಸಂಜೆಯೊಳಗೆ)

ಎಲ್ಲರಿಗೂ ನಮಸ್ಕಾರ. ಸಂಶೋಧನಾ ಲೇಖನವನ್ನು ಹೇಗೆ ಟೈಪ್ ಮಾಡಿಸಬೇಕು ಅನ್ನುವ ಎರಡು ಪುಟದ ಸೂಚನೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಕೈಪಿಡಿಯ 7ನೆಯ ಆವೃತ್ತಿಯ ಕ್ರಮ. ನಾಲ್ಕೂ ಕಡೆ 1 ಇಂಚು ಮಾರ್ಜಿನ್, ಡಬಲ್ ಸ್ಪೇಸ್, ಇಷ್ಟು ಸಲೀಸಾಗಿ ಬಂತು. ಗ್ರಂಥಋಣದ ಹತ್ತಿರ ನಿಂತುಬಿಟ್ಟೆ. ಅಲ್ಲಿ ಪ್ರತಿ ನಮೂದಿನ ಮೊದಲ ಸಾಲು ಮಾರ್ಜಿನ್‌ಗೆ ತಾಗಿರಬೇಕು, ಉಳಿದ ಸಾಲುಗಳು ಅರ್ಧ ಇಂಚು ಒಳಗೆ ಹೋಗಬೇಕು. ‘ತೂಗು ಇಂಡೆಂಟ್’ ಅಂತ ಬರೆದು ಇಬ್ಬರಿಗೆ ತೋರಿಸಿದೆ. ಇಬ್ಬರಿಗೂ ಅರ್ಥ ಆಗಲಿಲ್ಲ. ಫುಟ್‌ನೋಟಿಗೆ ಅಡಿಟಿಪ್ಪಣಿ ಸಾಕು, ಅಲ್ವಾ?

———

ಸಾಲದು. ಅಡಿ ಕನ್ನಡ, ಟಿಪ್ಪಣಿ ಸಂಸ್ಕೃತ. ಎರಡನ್ನೂ ಬೆಸೆದರೆ ಅರಿಸಮಾಸ, ವ್ಯಾಕರಣ ಒಪ್ಪದ ಜೋಡಿ. ‘ಅಡಿಬರಹ’ ಅನ್ನಿ.

ಇಂಡೆಂಟಿನ ಬೇರು ಲ್ಯಾಟಿನ್ನಿನ ‘ಡೆನ್ಸ್’, ಅಂದರೆ ಹಲ್ಲು. ಹಿಂದೆ ಯುರೋಪಿನಲ್ಲಿ ಕರಾರುಪತ್ರವನ್ನು ಹಲ್ಲುಹಲ್ಲಾಗಿ ಕತ್ತರಿಸಿ, ಇಬ್ಬರೂ ಒಂದೊಂದು ತುಂಡು ಇಟ್ಟುಕೊಳ್ಳುತ್ತಿದ್ದರು. ನಮ್ಮಲ್ಲೂ ಹಲ್ಲಿನ ಕೆಲಸ ‘ಕಚ್ಚು’, ಮರಕ್ಕೆ ಹಾಕುವ ಗುರುತೂ ‘ಕಚ್ಚು’. ಇಂಡೆಂಟ್ ಅಂದರೆ ಕಚ್ಚು. ಬೇರೆ ಹುಡುಕಬೇಡಿ.

———

> ಇಂಡೆಂಟ್ ಅಂದರೆ ಕಚ್ಚು

ಸರ್, ಬೇರು ಸರಿ, ಪದ ಕೆಲಸ ಮಾಡುವುದಿಲ್ಲ. ವಿದ್ಯಾರ್ಥಿ ಡಿಟಿಪಿ ಅಂಗಡಿಗೆ ಹೋಗಿ ‘ಕಚ್ಚು ಹಾಕಿ’ ಅಂದರೆ ಅಲ್ಲಿ ಕೂತವರು ಏನು ಮಾಡಬೇಕು? ಇಂಡೆಂಟ್ ಅಂತಲೇ ಬಿಡೋಣ ಅಂದರೆ ಅದೂ ಕಷ್ಟ. ನಮ್ಮ ಕಚೇರಿಗಳಲ್ಲಿ ‘ಇಂಡೆಂಟ್ ಹಾಕಿದ್ದೀವಿ’ ಅಂದರೆ ಸಾಮಾನು ಬೇಕು ಅಂತ ಬೇಡಿಕೆ ಕಳಿಸಿದ್ದೀವಿ ಅಂತ. ಆ ಪದ ಆಗಲೇ ಇನ್ನೊಂದು ಅರ್ಥಕ್ಕೆ ಹೋಗಿ ಕೂತಿದೆ.

ಈ ಜೋಡಣೆ ಇರುವುದು ಯಾಕೆ ಅಂತ ನೋಡಿ. ಪಟ್ಟಿ ಅಕಾರಾದಿಯಾಗಿರುತ್ತದೆ. ಓದುವವರ ಕಣ್ಣು ಎಡಗಡೆ ಹೆಸರುಗಳ ಮೇಲೇ ಇಳಿದು ಹೋಗಬೇಕು. ಅದಕ್ಕೇ ಹೆಸರಿರುವ ಸಾಲನ್ನು ಹೊರಗೆ ಬಿಟ್ಟು ಉಳಿದದ್ದನ್ನು ಒಳಗೆ ತಳ್ಳುತ್ತಾರೆ. ಕನ್ನಡದವರ ಕಣ್ಣಿಗೆ ಇಲ್ಲಿ ಏನೂ ತೂಗುವುದಿಲ್ಲ. ಗೋಡೆಯಿಂದ ಸೂರು ಮುಂದೆ ಬಂದ ಹಾಗೆ ಒಂದು ಸಾಲು ಚಾಚಿಕೊಂಡಿದೆ, ಅಷ್ಟೇ. ನನ್ನ ಸಲಹೆ: ಬರೀ ಇಂಡೆಂಟಿಗೆ ‘ಒಳಸರಿಕೆ’, ಇದಕ್ಕೆ ‘ಹೊರಚಾಚು’. ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಟಿ ಒಟ್ಟಿಗೆ ಒತ್ತಿದರೆ ಬರುತ್ತದೆ, ಅದನ್ನೂ ಸೂಚನೆಯಲ್ಲಿ ಸೇರಿಸಿ. ಎಷ್ಟೋ ಜನ ಪ್ರತಿ ಸಾಲಿಗೂ ಸ್ಪೇಸ್ ಒತ್ತಿ ಒತ್ತಿ ಕೂರುತ್ತಾರೆ. ಫಾಂಟ್ ಬದಲಾದ ಕೂಡಲೇ ಎಲ್ಲ ಕೆಡುತ್ತದೆ.

ಅರಿಸಮಾಸದ ಮಾತು. ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದ ಹಾಗೆ ಅಂತ ಕವಿರಾಜಮಾರ್ಗವೇ ಹೇಳಿದೆ, ಗೊತ್ತು. ಆದರೆ ಹಳಗನ್ನಡದ ವ್ಯಾಕರಣ ಬರೆದ ಕೇಶಿರಾಜನೂ ಬಿರುದುಗಳಿಗೆ, ಹಿಂದಿನ ಕವಿಗಳ ಬಳಕೆಗೆ ವಿನಾಯಿತಿ ಕೊಟ್ಟ. ಬಳಕೆಗೆ ಅಷ್ಟು ಬೆಲೆ ಇದೆ. ‘ಮಳೆಗಾಲ’ ಅನ್ನುವಾಗ ಕಾಲ ಸಂಸ್ಕೃತ ಅಂತ ಯಾರೂ ನಾಲಿಗೆ ತಡೆಯುವುದಿಲ್ಲ. ಅಡಿಬರಹವನ್ನು ಸಿನಿಮಾದವರು ಶೀರ್ಷಿಕೆಯ ಕೆಳಗಿನ ಸಾಲಿಗೆ ಇಟ್ಟುಕೊಂಡಿದ್ದಾರೆ. ಅಡಿಟಿಪ್ಪಣಿ ಇರಲಿ.

———

ಮಾರ್ಜಿನ್ ಮಾತ್ರ ಹೇಗೆ ಒಳಗೆ ಬಂತು? ‘ಅಂಚು’ ಇದೆ. ಮನೆಯಲ್ಲಿ ಇರುವಾಗ ಸಾಲ ತರುವುದು ಸೋಮಾರಿತನ.

———

ಇಲ್ಲ ಸರ್. ಅಂಚು ಅಂದರೆ ಕೊನೆ. ಸೀರೆಗೆ ಅಂಚು, ಹಾಳೆಗೂ ಅಂಚು. ಮಾರ್ಜಿನ್ ಅಂದರೆ ಅಂಚಿಗೂ ಬರಹಕ್ಕೂ ನಡುವೆ ಖಾಲಿ ಬಿಟ್ಟ ಜಾಗ. ‘1 ಇಂಚು ಅಂಚು ಬಿಡಿ’ ಅಂದರೆ ಏನು ಬಿಡಬೇಕು? ಪ್ರೈಮರಿ ಶಾಲೆಯಲ್ಲೇ ಸ್ಕೇಲಿಟ್ಟು ‘ಮಾರ್ಜಿನ್ ಹಾಕಿ’ ಬೆಳೆದವರು ನಾವು. ಆ ಪದ ಕನ್ನಡದ್ದೇ ಆಗಿದೆ. ಬೇಕಾದ ಕಡೆ ಸಾಲ ತರೋಣ. ಇಂಡೆಂಟ್ ಬೇಡ ಅಂದದ್ದು ಅದು ಇಂಗ್ಲಿಷ್ ಅಂತಲ್ಲ, ಗೊಂದಲ ಜಾಸ್ತಿ ಮಾಡುತ್ತೆ ಅಂತ.

———

ಇಬ್ಬರಿಗೂ ಧನ್ಯವಾದ. ಹೀಗೆ ಬರೆದು ಕಳಿಸಿದೆ: ‘ಗ್ರಂಥಋಣದ ಪ್ರತಿ ನಮೂದಿಗೂ ಹೊರಚಾಚು ಇರಲಿ. ಮೊದಲ ಸಾಲು ಎಡ ಮಾರ್ಜಿನ್‌ಗೆ ತಾಗಲಿ, ಉಳಿದವು ಅರ್ಧ ಇಂಚು ಒಳಸರಿಯಲಿ.’ ಮೊದಲು ಅರ್ಥ ಆಗಲಿಲ್ಲ ಅಂದಿದ್ದ ಆ ಇಬ್ಬರೂ ಈ ಸಲ ಏನೂ ಕೇಳದೆಯೇ ಮಾಡಿ ತೋರಿಸಿದರು.