ಮೂರನೇ ಏರಿಗೆ ದಮ್ಮು ಹೋಗ್ತದ: ನನ್ನ ಎಲೆಕ್ಟ್ರಿಕ್ ಬೈಕಿಗೆ ದೊಡ್ಡ ಮೋಟರ್ ಹಾಕಲೇನು?

ಉದ್ಯಮಬಾಗ್ ಲೇಥ್:

ನಮಸ್ಕಾರ್ರೀ. ಬೆಳಗಾವಿ ಉದ್ಯಮಬಾಗದಾಗ ನಂದೊಂದು ಸಣ್ಣ ಮಶೀನ್ ಶಾಪ್ ಐತಿ. ಎರಡು ಲೇಥ್, ಒಂದು ಮಿಲ್ಲಿಂಗ್. ಅಪ್ಪ ಮೂವತ್ತು ವರ್ಷ ಫೌಂಡ್ರಿಯೊಳಗ ಪಂಪಿನ ಕೇಸಿಂಗ್ ಎರಕ ಹೊಯ್ದಾರ. ಎರಡು ವರ್ಷದಿಂದ ರಾತ್ರಿ ಹೊತ್ತು ಕುಂತು ಒಂದು ಎಲೆಕ್ಟ್ರಿಕ್ ಬೈಕ್ ಕಟ್ಟೀನಿ. ಫ್ರೇಮ್, ಸ್ವಿಂಗ್‌ಆರ್ಮ್, ಸ್ಪ್ರಾಕೆಟ್ ಎಲ್ಲಾ ನಮ್ಮ ಶಾಪಿಂದs. ಫೋರ್ಕ್ ಮತ್ತ ಬ್ರೇಕ್ ಅಷ್ಟ ಹಳೆ 150 ಸಿಸಿ ಗಾಡೀದು.

ಬ್ಯಾಟರಿ 72 ವೋಲ್ಟ್, 20ಎಸ್ 10ಪಿ, ಅಂದ್ರ ಹತ್ತತ್ತು ಸೆಲ್ ಪಕ್ಕಪಕ್ಕಕ್ಕ (ಪ್ಯಾರಲಲ್) ಕೂಡಿಸಿ, ಅಂಥ ಇಪ್ಪತ್ತು ಗುಂಪು ಒಂದರ ಹಿಂದೊಂದು (ಸೀರೀಸ್). ಒಟ್ಟು 200 ಸೆಲ್, 21700 ಸೈಜಿನವು (21 ಎಂಎಂ ದಪ್ಪ, 70 ಎಂಎಂ ಉದ್ದ), ಒಂದೊಂದು 5000 ಎಂಎಎಚ್. ಮೋಟರಿಗೆ ಕರೆಂಟ್ ಅಳೆದು ಬಿಡೋ ಕಂಟ್ರೋಲರ್ 200 ಆಂಪ್ಸಿಗೆ ಇಟ್ಟೀನಿ. ನಾನೂ ಗಾಡಿನೂ ಸೇರಿ 220 ಕೆಜಿ.

ಗೆಳೆಯಾಂದು ಕಲ್ಲಿನ ಕ್ವಾರಿ ಐತಿ, ಅಲ್ಲಿ ಟಿಪ್ಪರ್ ಹತ್ತೋ ದಾರೀನ ನನ್ನ ಟ್ರ್ಯಾಕು. ಮೊದಲನೇ ಏರು ಹತ್ತಿದಾಗ ಎದಿ ಝಲ್ ಅಂತು, ಅಷ್ಟು ಎಳೀತು. ಎರಡನೇದಕ್ಕ ಸ್ವಲ್ಪ ಮಂದ. ಮೂರನೇದಕ್ಕ ಅರ್ಧ ದಾರಿಯೊಳಗ, ಫುಲ್ ಥ್ರಾಟಲ್ ಕೊಟ್ಟಾಗ 76 ವೋಲ್ಟ್ ಇದ್ದದ್ದು 60ಕ್ಕ ಬಿತ್ತು, ಕಂಟ್ರೋಲರ್ ಬಂದ್ ಮಾಡ್ತು. ಮನೀಗೆ ತಂದು ಪ್ಯಾಕ್ ಬಿಚ್ಚಿದೆ. ಅಂಚಿನ ಸೆಲ್ 49 ಡಿಗ್ರಿ, ನಡುವಿಂದು 68. ನಡುವಿನ ನಿಕ್ಕಲ್ ಪಟ್ಟಿ ವೆಲ್ಡ್ ಹತ್ರ ನೇರಳೆ ಬಣ್ಣಕ್ಕ ತಿರುಗಿತ್ತು, ನಾಕು ಸೆಲ್ಲಿನ ಹೊದಿಕೆ ಸುಕ್ಕು ಬಂದಿತ್ತು. ಅಪ್ಪ ಕೈ ಇಟ್ಟು ನೋಡಿ "ಇದು ಇನ್ನೂ ಒಳಗ ಉರಿಯಾಕತ್ತೈತಿ, ಹೊರಗಿಡು" ಅಂದ್ರು. ರಾತ್ರಿಯೆಲ್ಲಾ ಅಂಗಳದಾಗ ಮರಳಿನ ಮ್ಯಾಲ ಇಟ್ಟು ಕಾಯ್ದೆ.

ಈಗ ಎರಡನೇ ಫ್ರೇಮಿಗೆ ಪೈಪ್ ತಂದೀನಿ. 10 ಕಿಲೋವ್ಯಾಟ್ ಮೋಟರ್ ಹಾಕಿ, ಅವs 200 ಸೆಲ್ ಮರುಜೋಡಿಸಿ 96 ವೋಲ್ಟ್ ಮಾಡಿದ್ರ ಸರಿ ಆಗ್ತದೇನು? ಪೈಪ್ ಕತ್ತರಿಸೋ ಮೊದಲು ತಿಳಿದವರ ಮಾತು ಬೇಕು.

ಪ್ಯಾಕ್ ಕಟ್ಟುವವ, ಬೆಂಗಳೂರು:

ಸದ್ಯಕ್ಕೆ ಪೈಪ್ ಕತ್ತರಿಸಬೇಡಿ. ನಿಮ್ಮ ಮೋಟರ್ ತಪ್ಪೇನೂ ಇಲ್ಲ.

72 ವೋಲ್ಟ್, 200 ಆಂಪ್ಸ್ ಅಂದ್ರೆ 14.4 ಕಿಲೋವ್ಯಾಟ್. ಇನ್ನೂರು ಸೆಲ್ಲಿಗೆ ಹಂಚಿದ್ರೆ ಒಂದೊಂದಕ್ಕೆ 72 ವ್ಯಾಟ್. ಅದೇ ಸೆಲ್‌ಗಳನ್ನ 96 ವೋಲ್ಟಿಗೆ ಜೋಡಿಸಿ ಅಷ್ಟೇ ಪವರ್ ಎಳೆದ್ರೂ ಅದೇ 72. ವೋಲ್ಟೇಜ್ ಏರಿಸಿದ್ರೆ ವೈರಿಗೆ ಸುಖ, ಸೆಲ್ಲಿಗಲ್ಲ. ಜೊತೆಗೆ ಅಷ್ಟು ವೋಲ್ಟಿನ ಡಿಸಿ ಮೇಲೆ ಕೈ ತಪ್ಪಿದ್ರೆ ಜೀವಕ್ಕೇ ಬರುತ್ತೆ.

5000 ಎಂಎಎಚ್ ಸೆಲ್‌ಗಳು ಸಾಮಾನ್ಯವಾಗಿ ದೂರ ಓಡೋದಕ್ಕೆ ಮಾಡಿದವು, ಜೋರಾಗಿ ಎಳೆಯೋದಕ್ಕಲ್ಲ. ಒಳರೋಧ, ಅಂದ್ರೆ ಸೆಲ್ ತನ್ನೊಳಗೆ ಕರೆಂಟಿಗೆ ಒಡ್ಡೋ ತಡೆ, 30 ಮಿಲಿಓಮ್ ಅಂತ ಇಟ್ಕೊಳ್ಳಿ. 200 ಆಂಪ್ಸ್ ಹತ್ತು ಸೆಲ್ಲಿಗೆ ಹಂಚಿ ಒಂದೊಂದರಿಂದ 20 ಆಂಪ್ಸ್ ಎಳೆದಾಗ ಒಂದು ಸೆಲ್ಲಲ್ಲಿ 12 ವ್ಯಾಟ್ ಶಾಖ, ಪ್ಯಾಕಿಗೆ 2400 ವ್ಯಾಟ್. ನೀರು ಕಾಯಿಸೋ ಗೀಸರ್ ಒಂದನ್ನ ಗಾಳಿಯಾಡದ ಪೆಟ್ಟಿಗೆಯೊಳಗೆ ಕೂರಿಸಿದ ಹಾಗೆ. 4200 ಎಂಎಎಚ್‌ನ ಪವರ್ ಸೆಲ್ (ಜೋರಾಗಿ ಎಳೆಯೋಕೆ ಮಾಡಿದ್ದು) ತಗೊಂಡು 12ಪಿ ಮಾಡಿ: ಒಳರೋಧ ಸುಮಾರು ಅರ್ಧ, ಸೆಲ್ಲಿಗೆ 16.7 ಆಂಪ್ಸ್. ಶಾಖ 1000 ವ್ಯಾಟ್ ಆಸುಪಾಸಿಗೆ ಇಳಿಯುತ್ತೆ, ಒಟ್ಟು ಸಾಮರ್ಥ್ಯ ಹೆಚ್ಚುಕಮ್ಮಿ ಅಷ್ಟೇ ಉಳಿಯುತ್ತೆ.

2023ರಲ್ಲಿ ಮೋಟೋ-ಇ ಅನ್ನೋ ಎಲೆಕ್ಟ್ರಿಕ್ ಬೈಕ್ ರೇಸಿಗೆ ಬಂದ ಡುಕಾಟಿ ವಿ21ಎಲ್ ನೋಡಿ. ಅದರಲ್ಲೂ 21700 ಸೆಲ್‌ಗಳೇ, ಆ ವರ್ಷದ ಗಾಡೀಲಿ 1152 ಇದ್ದವು. 110 ಕಿಲೋವ್ಯಾಟ್ ಅಂದ್ರೆ ಸೆಲ್ಲಿಗೆ ಸುಮಾರು 95 ವ್ಯಾಟ್. ನಿಮಗಿಂತ ಬಹಳ ಜಾಸ್ತಿಯೇನಲ್ಲ. ಆದ್ರೆ ಅಲ್ಲಿ ಬ್ಯಾಟರಿ ತಂಪು ಮಾಡೋಕೇ ಬೇರೆ ನೀರಿನ ಸರ್ಕ್ಯೂಟ್ ಇದೆ. ಬ್ಯಾಟರಿ ಪೆಟ್ಟಿಗೆ ಫ್ರೇಮಿನ ಹಾಗೆ ಭಾರ ಹೊರುವ ಭಾಗವೂ ಹೌದು.

ನಿಮ್ಮ ಮನೇಲೇ ಎರಕದ ವಿದ್ಯೆ ಇದೆ, ಅದನ್ನ ಬಿಡಬೇಡಿ. ಅಲ್ಯೂಮಿನಿಯಂ ಪೆಟ್ಟಿಗೆ ಹೊಯ್ದು ಹೊರಗೆ ಫಿನ್ (ಗಾಳಿಗೆ ಶಾಖ ಬಿಡೋ ತೆಳು ಹಲಗೆಗಳು) ಕೊಡಿ. ಸೆಲ್ಲಿನ ಶಾಖ ಪಕ್ಕಕ್ಕಿಂತ ಉದ್ದಕ್ಕೆ ಚೆನ್ನಾಗಿ ಹರಿಯುತ್ತೆ, ಹಾಗಾಗಿ ಸೆಲ್ ತಳ ಪೆಟ್ಟಿಗೆಯ ತಳಕ್ಕೆ ಕೂರಬೇಕು, ನಡುವೆ ವಿದ್ಯುತ್ ಹರಿಯದ ಥರ್ಮಲ್ ಪ್ಯಾಡ್. ಫ್ರೇಮಿನ ತಿರುಚು ಸೆಲ್ಲಿಗೆ ಮುಟ್ಟಬಾರದು, ಪೆಟ್ಟಿಗೆಯನ್ನ ಫ್ರೇಮಿಗೆ ರಬ್ಬರ್ ಮೇಲೆ ಕೂರಿಸಿ. ಬರೀ ನಿಕ್ಕಲ್ ಪಟ್ಟಿ ಬಿಟ್ಟು ತಾಮ್ರದ ಮೇಲೆ ನಿಕ್ಕಲ್ ಹಾಕಿ. ಸುಕ್ಕು ಬಂದ ನಾಲ್ಕು ಸೆಲ್ ಮತ್ತೆ ಬಳಸಲೇಬೇಡಿ.

ಒಂದು ಒಳ್ಳೇ ಸೆಲ್ ಬಿಡಿಸಿ 10 ಆಂಪ್ಸ್ ಲೋಡ್ ಹಾಕಿ, ಎಷ್ಟು ವೋಲ್ಟ್ ಬೀಳುತ್ತೆ ಬರೀರಿ.

ಮೂಡುಬಿದಿರೆ ಸವಾರ:

ಒಂದು ವಿಷಯ ಮರೆಯಬೇಡಿ ಮಾರಾಯ್ರೆ. ಇದನ್ನು ಕ್ವಾರಿಯಿಂದ ಹೊರಗೆ ರಸ್ತೆಗೆ ತರುವ ಯೋಚನೆ ಉಂಟಾದರೆ ಮೋಟಾರು ವಾಹನ ಕಾಯ್ದೆ ಅಡ್ಡ ಬರ್ತದೆ, ನೋಂದಣಿ ಇಲ್ಲದ ಗಾಡಿ ರಸ್ತೆಗೆ ತರುವ ಹಾಗಿಲ್ಲ. ಪೆಟ್ರೋಲ್ ಗಾಡಿಯನ್ನು ಎಲೆಕ್ಟ್ರಿಕ್ ಮಾಡುವುದಾದರೂ ಎಐಎಸ್-123 ಎಂಬ ವಾಹನ ಮಾನದಂಡದ ಪ್ರಕಾರ ಒಪ್ಪಿಗೆ ಪಡೆದ ಕಿಟ್ ಮಾತ್ರ ಆಗ್ತದೆ. ಹಳೆಯ ಗಾಡಿಯ ನಂಬರ್ ಪ್ಲೇಟ್ ಹಾಕಿ ಓಡಿಸಬೇಡಿ, ಅಪಘಾತ ಆದರೆ ಇನ್ಶೂರೆನ್ಸ್ ಸಿಗುವುದು ಕಷ್ಟ. ಕ್ವಾರಿಯಲ್ಲೇ ಓಡಿಸಿ, ಟಿಪ್ಪರ್ ನಿಂತ ಮೇಲೆ.

ಉದ್ಯಮಬಾಗ್ ಲೇಥ್:

ಭಾಳ ಉಪಕಾರ ಆತ್ರಿ ಇಬ್ಬರಿಗೂ. ಗಾಡಿ ಕ್ವಾರಿ ದಾಟಂಗಿಲ್ಲ, ರವಿವಾರ ಅಷ್ಟ ಓಡಸ್ತೀನಿ.

ಸೆಲ್ ಟೆಸ್ಟ್ ಮಾಡಿದೆ. 3.95 ವೋಲ್ಟ್ ಇದ್ದದ್ದು 10 ಆಂಪ್ಸಿಗೆ 3.62 ಆತು. ಅಂದ್ರ 33 ಮಿಲಿಓಮ್. ಮಾರಿದವರು 20 ಆಂಪ್ಸ್ ಆರಾಮ ತಡೀತದ ಅಂದಿದ್ರು, ನಾನೂ ಅಳೀಲಾರದ ನಂಬಿದೆ. 20 ಆಂಪ್ಸಿಗೆ ಲೆಕ್ಕ ಹಾಕಿದ್ರ ಸೀರೀಸಿನ 20 ಸೆಲ್ ಸೇರಿ ಒಳಗ 13.2 ವೋಲ್ಟ್ ಹೋಗ್ತದ. ನನ್ನ ಗಾಡಿಯೊಳಗ ಬಿದ್ದದ್ದು 16. ಉಳದ 2.8 ವೋಲ್ಟ್ ಪಟ್ಟಿ, ಕೇಬಲ್, ಜೋಡಣಿಯೊಳಗs ಸುಟ್ಟಾವು, 200 ಆಂಪ್ಸಿಗೆ 560 ವ್ಯಾಟ್! ಆ ನೇರಳೆ ಬಣ್ಣ ಯಾಕ ಬಂತು ಅಂತ ಈಗ ತಿಳೀತು.

10 ಕಿಲೋವ್ಯಾಟ್ ಮೋಟರಿನ ಆರ್ಡರ್ ನಿಲ್ಲಿಸೀನಿ, ಆ ರೊಕ್ಕದಾಗ ಸೆಲ್ ಬರ್ತಾವ. ಅಪ್ಪ ನಿನ್ನೆಯಿಂದ ಪೆಟ್ಟಿಗಿ ಪ್ಯಾಟರ್ನಿಗೆ (ಮರಳಿನ ಅಚ್ಚು ತೆಗೆಯೋ ಮರದ ಮಾದರಿ) ಸಾಗವಾನಿ ಕೆತ್ತಾಕ ಕುಂತಾರ. ಫಿನ್ 4 ಎಂಎಂ ದಪ್ಪ ಇರಲಿ ಅಂತಾರ, ಅದಕ್ಕಿಂತ ತೆಳುವಾದ್ರ ನಮ್ಮ ಮರಳಿನ ಅಚ್ಚಿನ ತುದೀತನಕ ಲೋಹ ಹೋಗಂಗಿಲ್ಲ. ಒಳಗಿನ ತಳ ನಾನು ಮಿಲ್ ಮಾಡ್ತೀನಿ. ಅದು ಎಷ್ಟು ಸಪಾಟ ಇರಬೇಕ್ರಿ, 0.1 ಎಂಎಂ ಸಾಕೋ, 0.05 ಬೇಕೋ? ಪ್ಯಾಡಿನ ದಪ್ಪ ಅದರ ಮ್ಯಾಲ ತರಸ್ತೀನಿ.